ಹಾಡುವವರ ಪಟ್ಟಿ

"ಆ ಪಟ್ಟಿ ಕೊಟ್ಟವನು ನಾನೇ ಅಕ್ಕ," ಅಂದ ಗಂಟೆಯವನು.

ಚರ್ಚಿನ ಬೆಂಚು ಒರೆಸುತ್ತಿದ್ದ ದರ್ಜಿಯಕ್ಕನ ಕೈ ಅಲ್ಲೇ ನಿಂತಿತು. ಈ ಚರ್ಚಿನ ಬಾಗಿಲು ತೆಗೆದು, ಗಂಟೆ ಹೊಡೆದು ಇಪ್ಪತ್ತು ವರ್ಷ ಸವೆಸಿದ ಆಸಾಮಿ ಅವನು. ಅವಳನ್ನು ಅಕ್ಕ ಅನ್ನುತ್ತಾನೆ, ಅವಳ ಗಂಡನನ್ನು ಭಾವ ಅನ್ನುತ್ತಾನೆ. ಈಗ ಮೈಮೇಲಿದ್ದ ಅಂಗಿಯೂ ಆ ಭಾವ ಹೊಲಿದು ಕೊಟ್ಟದ್ದೇ.

"ಯಾವ ಪಟ್ಟಿ?" ಗೊತ್ತಿದ್ದೂ ಕೇಳಿದಳು.

"ಕ್ಯಾರಲ್ ಹಾಡೋರಿಗೆ ಅಂತ ಬರೆದಿಟ್ಟಿದ್ನಲ್ಲ, ಅದು. ಅವತ್ತು ಗುಂಪು ನುಗ್ಗಿದಾಗ ಇಲ್ಲಿ ನಾನೊಬ್ಬನೇ ಇದ್ದೆ. ತಲೆ ಮೇಲೆ ಸೀಮೆಎಣ್ಣೆ ಸುರಿದ್ರು. ಬೆಂಕಿಪೊಟ್ಟಣ ಹಿಡ್ಕೊಂಡು, ನಿಮ್ಮೋರ ಮನೆ ಎಲ್ಲೆಲ್ಲಿದೆ ಬೊಗಳು ಅಂದ್ರು. ನಾಲಿಗೆ ಹೊರಳಲಿಲ್ಲ ಅಕ್ಕ. ಪಟ್ಟಿ ಇಟ್ಟಿದ್ದ ಕಪಾಟಿನ ಕಡೆ ಕೈ ತೋರಿಸಿಬಿಟ್ಟೆ."

ಪ್ರತಿ ಡಿಸೆಂಬರಿನಲ್ಲೂ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವವರು ದಾರಿ ತಪ್ಪಿ, ಯಾರದೋ ಬಾಗಿಲು ತಟ್ಟಿ ಬೈಸಿಕೊಂಡು ಬರುತ್ತಿದ್ದರು. ಪಾಪ, ಅವರಿಗೆ ಅನುಕೂಲವಾಗಲಿ ಎಂದು ಇವನೇ ಅಕ್ಕರೆಯಿಂದ ಪಟ್ಟಿ ಮಾಡಿದ್ದ. ಗುಂಡು ಗುಂಡಾದ ಅಕ್ಷರ. "ಎರಡನೇ ಓಣಿ, ಹಸಿರು ಬಾಗಿಲು, ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತದೆ, ಭಾವನಿಗೆ ಕಿವಿ ಮಂದ, ಗಟ್ಟಿಯಾಗಿ ಹಾಡಿ." ಇಂಥ ಪಟ್ಟಿ ಸಿಕ್ಕರೆ ಕಣ್ಣಿಲ್ಲದವನೂ ಮನೆ ಸೇರುತ್ತಾನೆ. ಬಂದವರೂ ಸೇರಿದರು, ಒಂದು ಮನೆಯನ್ನೂ ಬಿಡದೆ ಬೆಂಕಿ ಇಟ್ಟರು. ಮಿಷನ್ನು ಉಳಿಸಲು ಹೋಗಿ ಬೆಂಕಿಗೆ ಕೈಯಿಟ್ಟ ಅವಳ ಗಂಡನ ಹತ್ತು ಬೆರಳೂ ಬೆಂದು ಒಂದಕ್ಕೊಂದು ಅಂಟಿಕೊಂಡವು. ಕಣ್ಣು ಮುಚ್ಚಿಕೊಂಡು ಅಂಗಿಗೆ ಕಾಜಾ ಹಾಕುತ್ತಿದ್ದ ಮನುಷ್ಯನಿಗೆ ಈಗ ಮೂರು ಹೊತ್ತೂ ಅವಳೇ ತಿನ್ನಿಸಬೇಕು.

"ಉಂಡ ಮನೆಗೇ ಎರಡು ಬಗೆದೆಯಲ್ಲೋ ಪಾಪಿ!" ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬೀಸಿ ಎಸೆದಳು. ಅದು ಅವನ ಎದೆಗೆ ಬಡಿದು ಕೆಳಗೆ ಬಿತ್ತು. ಅವನು ಕದಲಲಿಲ್ಲ.

"ಏಳು ತಿಂಗಳಿಂದ ರೆಪ್ಪೆ ಮುಚ್ಚಿಲ್ಲ ಅಕ್ಕ. ಒಂದೇ ಒಂದು ಕೇಳ್ತೀನಿ. ಅವತ್ತು ಸಭೆ ಮುಂದೆ ನಿಂತ್ಕೊಂಡು, ಎಲ್ಲರನ್ನೂ ಕ್ಷಮಿಸಿದ್ದೀನಿ ಅಂದ್ರಲ್ಲ... ಆ ಎಲ್ಲರಲ್ಲಿ ನಾನೂ ಇದ್ದೀನಾ?"

ಹೌದು, ಅಂದಿದ್ದಳು. ಬೆಂಕಿ ಬಿದ್ದ ಮರುವಾರವೇ, ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಅಂದಿದ್ದಳು. ಸಭೆಗೆ ಸಭೆಯೇ ಬಿಕ್ಕಿತ್ತು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಅಂದಿನಿಂದ ಅವಳ ಎದೆಯಲ್ಲೊಂದು ಸಮಾಧಾನ ನೆಲೆಸಿತ್ತು, ಕರ್ತನೇ ಕೊಟ್ಟದ್ದು ಎಂದು ನಂಬಿದ್ದಳು. ಈಗ ನೋಡಿದರೆ ಅದರ ಬಂಡವಾಳ ಇಷ್ಟೇ. ಗುಂಪಿಗೆ ಮುಖವಿರಲಿಲ್ಲ, ಅದು ಬಂದು ಎದುರಿಗೆ ನಿಲ್ಲುವಂಥದ್ದೂ ಅಲ್ಲ. ಅಂಥವರನ್ನು ಕ್ಷಮಿಸಿದರೆ ಗಂಟೇನು ಹೋಗುತ್ತದೆ? ಇವನಿಗೆ ಮುಖವಿತ್ತು. ಮೂಗು ಸೋರುತ್ತಿತ್ತು.

"ಇಲ್ಲ," ಅಂದಳು. "ನೀನಿಲ್ಲ."

"ಸರಿ ಅಕ್ಕ," ಅಂದು ಅವನು ಬಗ್ಗಿ, ಬಿದ್ದ ಬಟ್ಟೆಯನ್ನು ಹಿಂಡಿ, ಅವಳು ಬಿಟ್ಟ ಬೆಂಚನ್ನು ತಾನೇ ಒರೆಸತೊಡಗಿದ.

ಅವಳು ಕುಸಿದು ಕೂತಳು. ಸಿಟ್ಟು ಅವನನ್ನು ದಾಟಿ ಮೇಲಕ್ಕೇ ಹೋಯಿತು. ಇದ್ದ ಒಂದು ಹಿಡಿ ನೆಮ್ಮದಿಯನ್ನೂ ಕಿತ್ತುಕೊಂಡೆಯಲ್ಲ ಕರ್ತನೇ, ನಿನಗೇನು ಬಂತು ಭಾಗ್ಯ? ಮಸಿ ಹಿಡಿದ ಗೋಡೆಯ ಮೇಲೆ ಶಿಲುಬೆ ತೂಗುತ್ತಿತ್ತು. ಹನ್ನೆರಡೂವರೆ ಆಗಿತ್ತು. ಮನೆಯಲ್ಲಿ ಗಂಡನಿಗೆ ಹಸಿವಾಗಿರುತ್ತದೆ, ಆದರೆ ಬಾಯಿಬಿಟ್ಟು ಕೇಳುವ ಜೀವ ಅಲ್ಲ.

"ನಡಿ," ಅಂದಳು ಎದ್ದು.

"ಎಲ್ಲಿಗಕ್ಕ?"

"ಮನೆಗೆ. ನಿನ್ನ ಭಾವನ ಊಟದ ಹೊತ್ತು. ಇವತ್ತು ನೀನು ತಿನ್ನಿಸು. ತಿನ್ನಿಸೋಕೆ ಮೊದಲು ಈ ವಿಷಯ ಅವರಿಗೂ ಹೇಳು."

"ಅಯ್ಯೋ ಬೇಡಕ್ಕ! ಬೇಕಾದ್ರೆ ಕೆನ್ನೆಗೆ ನಾಲ್ಕು ಬಿಡಿ."

"ಬಿಟ್ಟರೆ ನನ್ನ ಕೈ ನೋಯುತ್ತೆ. ಮನೇಲಿ ಉಳಿದಿರೋದೇ ಇವೆರಡು ಕೈ."

ಗಂಡ ಕಿಟಕಿಯ ಪಕ್ಕ, ದಿಂಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಅವಳು ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲನ್ನು ಗಂಟೆಯವನ ಕೈಗಿಟ್ಟಳು. ಅವನು ಪಿಸುಗುಟ್ಟಿದ. "ಏನು? ಗಟ್ಟಿಯಾಗಿ ಹೇಳಪ್ಪಾ," ಅಂದ ಭಾವ. ಮತ್ತೆ ಹೇಳಿದ. ಅದೂ ಕೇಳಿಸಲಿಲ್ಲ. ಮೂರನೇ ಸಲ ಓಣಿಗೆ ಓಣಿಯೇ ಕೇಳುವಂತೆ ಕೂಗಬೇಕಾಯಿತು: "ಪಟ್ಟಿ ಕೊಟ್ಟವನು ನಾನೇ ಭಾವ!"

ಭಾವ ತನ್ನ ಕೈಗಳನ್ನು ನೋಡಿಕೊಂಡ. ಅವನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿ ಗಡ್ಡದೊಳಗೆ ಇಳಿಯಿತು, ಒರೆಸಿಕೊಳ್ಳುವಂತಿರಲಿಲ್ಲ. ಬಾಯಿ ತೆರೆದ, ಬೈಯಲಿಕ್ಕೋ ತುತ್ತಿಗೋ ಅವನಿಗೇ ತಿಳಿದಂತಿರಲಿಲ್ಲ. ಗಂಟೆಯವನು ಬಾಯಿಗೆ ಚಮಚ ಇಟ್ಟ. ಅರ್ಧ ಹಾಲು ಭಾವನ ಎದೆಗೆ ಚೆಲ್ಲಿತು.

"ನಿಧಾನ ಕಣೋ," ಅಂದ ಭಾವ.

ದರ್ಜಿಯಕ್ಕ ಒಳಗೆ ಹೋಗಿ ತನಗೊಂದು ತಟ್ಟೆ ಹಾಕಿಕೊಂಡಳು. ಎದೆಯ ಉರಿ ಎಳ್ಳಷ್ಟೂ ಆರಿರಲಿಲ್ಲ. ಆದರೆ ಏಳು ತಿಂಗಳಲ್ಲಿ ಮೊದಲ ಸಲ ಬಿಸಿ ಇರುವಾಗಲೇ ಉಣ್ಣುತ್ತಿದ್ದಳು. ಕೃಪೆ ಅಂದರೆ ಇಷ್ಟೇನಾ ಅನ್ನಿಸಿತು.

ಗಂಟೆಯವನು ಬಟ್ಟಲು ತೊಳೆದಿಟ್ಟು ಬಾಗಿಲಲ್ಲಿ ನಿಂತ. "ಅಕ್ಕ... ಈಗಲಾದರೂ?"

"ಈಗೇನೂ ಇಲ್ಲ," ಅಂದಳು ತಟ್ಟೆಯಿಂದ ತಲೆ ಎತ್ತದೆ. "ರಾತ್ರಿ ಎಂಟಕ್ಕೆ ಊಟ. ತಡ ಮಾಡಬೇಡ."