ನಾಲ್ಕನೆಯ ಚಕ್ರ

ಹಳೇ ಕಾರಿನ ಆ ನಾಲ್ಕು ಚಕ್ರಗಳನ್ನು ಕಂಡೊಡನೆ ಕ್ರೋಮ್ ಅಂಗಡಿಯ ಮೇಸ್ತ್ರಿಗೆ ಗುರುತು ಸಿಕ್ಕಿತು. ಇಪ್ಪತ್ತೆಂಟು ವರ್ಷದ ಹಿಂದೆ ಇವುಗಳಲ್ಲೊಂದರ ಅಂಚಿಗೆ ಗುದ್ದಿ ಬಿದ್ದಿದ್ದ ತಗ್ಗಿಗೆ ತಾಮ್ರ ತುಂಬಿ, ಮೇಲೆ ಕ್ರೋಮ್ ಏರಿಸಿ, ಬಾಯಿ ಮುಚ್ಚಿಕೊಂಡಿದ್ದವನು ಅವನೇ.

“ನಮ್ಮಪ್ಪಂಗೆ ಗುದ್ದಿ ಓಡಿಹೋದ ಕಾರು ಇದೇ ಅಂತ ನನಗನುಮಾನ,” ಎಂದಳು ಚಕ್ರ ತಂದವಳು. “ಗುಜರೀಲಿ ಸಿಕ್ತು. ಹಳೇ ಕ್ರೋಮ್ ನನ್ನ ಕಣ್ಣೆದುರೇ ತೆಗೀರಿ. ಆಮೇಲೆ ಹೊಸದು ಹಾಕಿ.”

ಒಲ್ಲೆ ಎಂದರೆ ಅನುಮಾನ ಬರುತ್ತದೆ. “ಆಸಿಡ್ ವಾಸನೆ ತಡಿಯಕ್ಕಾಗಲ್ಲ ಅಮ್ಮ, ನಾಳೆ ಬನ್ನಿ.”

“ಪರವಾಗಿಲ್ಲ, ಕೂತಿರ್ತೀನಿ.”

ಬಾಗಿಲಿಗೇ ಸ್ಟೂಲು ಹಾಕಿಕೊಂಡು ಕೂತಳು. ಮೇಸ್ತ್ರಿ ಒಂದೊಂದೇ ಚಕ್ರವನ್ನು ಆಸಿಡ್ ತೊಟ್ಟಿಗೆ ಇಳಿಸಿ, ಎತ್ತಿ, ತೊಳೆದು, ಉಜ್ಜಿ, ಅಂಚಿಗೆ ಅಚ್ಚುಮೊಳೆ ಇಟ್ಟು ಸುತ್ತಿಗೆಯಿಂದ ಟಕ್ಕೆಂದು ಒಂದು ಏಟು ಹಾಕಿ ಗೋಡೆಗೆ ಒರಗಿಸಿದ. ನಲವತ್ತು ವರ್ಷದ ಕಸುಬು. ಕೈಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು, ಜೀವವೆಲ್ಲ ನಾಲ್ಕನೆಯದರ ಮೇಲಿತ್ತು. ತೊಟ್ಟಿಯಿಂದ ಎತ್ತಿದಾಗ ಮೊದಲ ಮೂರರಲ್ಲೂ ಅವಳಿಗೆ ಹಳೇ ಗುರುತೇನೂ ಕಾಣಲಿಲ್ಲ.

ನಾಲ್ಕನೆಯದು ತೊಟ್ಟಿಯಿಂದ ಮೇಲೆ ಬಂದಾಗ ಅಂಚಿನಲ್ಲಿ ಕೆಂಪಗೆ ತಾಮ್ರದ ತೇಪೆ ಕಂಡಿತು. ಅದರ ಪಕ್ಕದಲ್ಲಿ ಉಗುರಿನಗಲದ ಒಂದು ಮೀನಿನ ಮುದ್ರೆ.

“ಇದು ಯಾರ ಗುರುತು?”

“ಕ್ರೋಮ್ ಹಾಕೋ ಮುಂಚೆ ಕೆಲಸದವನು ತನ್ನ ಮುದ್ರೆ ಹೊಡೆಯೋದು ನಮ್ಮಲ್ಲಿ ವಾಡಿಕೆ ಅಮ್ಮ. ಇದು ಯಾರದ್ದೋ, ನಾನು ಕಂಡಿಲ್ಲ. ಸತ್ತೇ ಹೋಗಿರ್ಬೇಕು.”

ಅವಳು ಎದ್ದು ಗೋಡೆಯ ಬಳಿ ಹೋದಳು. ಈಗಷ್ಟೇ ಒರಗಿಸಿದ್ದ ಮೂರು ಚಕ್ರಗಳ ಅಂಚಿನಲ್ಲೂ ಹೊಚ್ಚ ಹೊಸ ಮೀನುಗಳು ಹೊಳೆಯುತ್ತಿದ್ದವು.