ಕಿರ್ರೆನ್ನುವ ಹ್ಯಾಂಡಲ್

ಮೇಷ್ಟರ ಹೆಂಡತಿ ಗಂಡನ ಸೈಕಲ್ ತಳ್ಳಿಕೊಂಡು ಬಷೀರ್ ಸಾಬರ ರಿಪೇರಿ ಅಂಗಡಿಗೆ ಬಂದರು.

"ಹ್ಯಾಂಡಲ್ ತಿರುಗಿಸಿದ್ರೆ ಸಾಕು, ಕಿರ್ರೋ ಅಂತ ಬೀದಿಗೆಲ್ಲ ಡಂಗುರ ಸಾರುತ್ತೆ ಸಾಬ್ರೇ. ಮಧ್ಯಾಹ್ನ ಅವರು ಮಲಗಿದಾಗ ಕದ್ದು ಸೈಕಲ್ ಕಲೀತಿದೀನಿ. ಅವರಿಗೆ ಎಚ್ಚರ ಆಗಬಾರದು!"

"ಐವತ್ತು ದಾಟಿದ ಮೇಲೆ ಸೈಕಲ್ಲಾ ಅಮ್ಮಾ?"

ಸಾಬರು ನಗು ನುಂಗಿಕೊಂಡು ಹ್ಯಾಂಡಲ್ ಕಿತ್ತರು, ತುಕ್ಕು ಒರೆಸಿ ಗ್ರೀಸ್ ಮೆತ್ತಿ ಬಿಗಿದರು. ಸದ್ದು ಅಡಗಿತು.

ಮರುದಿನ ಸಂಜೆ ಅದೇ ಸೈಕಲ್ ಹಿಡಿದು ಮೇಷ್ಟರೇ ಬಂದರು.

"ಆ ಕಿರ್ರ್ ಸದ್ದು ಮತ್ತೆ ಬರೋ ಹಾಗೆ ಮಾಡಿಕೊಡಯ್ಯ."

ಸಾಬರು ಕಕ್ಕಾಬಿಕ್ಕಿಯಾದರು. "ಯಾಕೆ ಮೇಷ್ಟ್ರೇ?"

ಮೇಷ್ಟರು ಅತ್ತಿತ್ತ ನೋಡಿ ಪಿಸುಗುಟ್ಟಿದರು: "ನಮ್ಮನೆಯವಳಿಗೆ ಹೇಳಬೇಡ. ನಿದ್ದೆ ಬಂದವನ ಹಾಗೆ ಬಿದ್ಕೊಂಡು ಅದನ್ನೇ ಕೇಳ್ತಿರ್ತೀನಿ. ಸದ್ದು ನಿಂತ್ರೆ ತಾನೇ, ಅವಳು ಬಿದ್ಲು ಅಂತ ಗೊತ್ತಾಗೋದು!"