ಹಡೆದವರಿಗೆ ಮಾತ್ರ

ಭಾಗಮ್ಮನ ಸಹಾಯಧನ ನಿಲ್ಲಿಸುವುದೆಂದು ದೇವಿಂದ್ರಪ್ಪ ಅವಳ ಮುಖ ನೋಡುವ ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

ಕಾರಣ ಇತ್ತು. ಹಳ್ಳಿಯ ಹೆಣ್ಣುಮಕ್ಕಳ ಕಾಲೇಜು ಓದಿಗೆಂದು ಯಶೋದಾಬಾಯಿ ಎಂಬ ಪುಣ್ಯಾತ್ಗಿತ್ತಿ ಕಟ್ಟಿಹೋದ ಟ್ರಸ್ಟ್ ಅದು. ಹುಮನಾಬಾದಿನ ಮಾಣಿಕನಗರದಲ್ಲಿ, ತೆಂಗಿನಕಾಯಿ ಅಂಗಡಿಯ ಮೇಲಿನ ಕೋಣೆಯೇ ಅದರ ಕಚೇರಿ. ಶುಲ್ಕ, ಪುಸ್ತಕ, ಬಸ್ ಪಾಸು ಎಲ್ಲ ಟ್ರಸ್ಟಿನದೇ. ಷರತ್ತು ಎರಡು. ಯಾವ ವಿಷಯದಲ್ಲೂ ನಪಾಸಾಗಬಾರದು, ಮುಕ್ಕಾಲು ಪಾಲು ಹಾಜರಿ ಇರಬೇಕು. ಕೊಹಿನೂರದ ಭಾಗಮ್ಮ ಬಿ.ಎ. ಮೊದಲ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಎರಡನೇ ವರ್ಷ ದಸರೆ ಮುಗಿದದ್ದೇ ಬಸವಕಲ್ಯಾಣದ ಕಾಲೇಜಿನಿಂದ ಮಾಯ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಪ್ರತ್ಯಕ್ಷ. ಈಗ 2004ರ ಫೆಬ್ರವರಿ, ವಿಚಾರಣೆಗೆ ಕರೆ ಹೋಗಿತ್ತು.

ದೇವಿಂದ್ರಪ್ಪ ನಿವೃತ್ತ ಹೆಡ್‌ಮಾಸ್ತರರು. ದೀಪಾವಳಿಯ ನಂತರವಷ್ಟೇ ಟ್ರಸ್ಟಿನ ಕಾರ್ಯದರ್ಶಿಯಾಗಿ ಬಂದವರು, ಸಹಾಯ ಪಡೆಯುವವರಲ್ಲಿ ಯಾರನ್ನೂ ಕಂಡಿರಲಿಲ್ಲ. ಆದರೂ ಇಂಥ ಗೈರುಹಾಜರಿಯ ಜಾತಕ ಅವರಿಗೆ ಬಾಯಿಪಾಠವಿತ್ತು. ನಡುವೆ ಮದುವೆ ಆಗಿರುತ್ತದೆ, ಇನ್ನು ಓದು ಎಲ್ಲಿಯದು? ಪುಕ್ಕಟೆ ಬಸ್ ಪಾಸಿನ ಆಸೆಗೆ ಹೆಸರೊಂದು ಉಳಿದಿರುತ್ತದೆ, ಅಷ್ಟೇ.

ಹೆಸರು ಕೂಗಿದರು. ಹೊರಗಿನ ಬೆಂಚಿನಿಂದ ಇಬ್ಬರು ಒಟ್ಟಿಗೇ ಎದ್ದು ಬಂದರು. ತಾಯಿ, ಮಗಳು. ಮಗಳ ತೋಳಲ್ಲಿ ಕುಂಚಿಗೆ ಕಟ್ಟಿದ ಕೂಸು. ಅವಳ ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಸ್ಕಾರ್ಫು. ಬಾಣಂತಿಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಪುಸ್ತಕದ ಚೀಲ ತಾಯಿಯ ಹೆಗಲಲ್ಲಿತ್ತು. ತಮ್ಮ ಊಹೆ ನಿಜವಾದದ್ದಕ್ಕೆ ದೇವಿಂದ್ರಪ್ಪನವರಿಗೆ ಖುಷಿಯೇನೂ ಆಗಲಿಲ್ಲ.

ಈಗಿನ ಕಾಲದಲ್ಲಿ ಭಾಗಮ್ಮ ಎಂಬ ಹೆಸರು ಇಡುವವರು ಕಡಿಮೆ, ಅಜ್ಜಿಯ ಹೆಸರಿರಬೇಕು ಎಂದು ಮಾತು ತೆಗೆದರು. ಹೌದು, ಅಜ್ಜಿಯದೇ ಹೆಸರು ಎಂದಳು ತಾಯಿ.

“ಕಾಲೇಜು ಯಾಕ ಬಿಟ್ಟಿದ್ದು?” ಎಂದು ಮಗಳನ್ನು ಕೇಳಿದರು.

ಮಗಳು ತಲೆ ತಗ್ಗಿಸಿದಳು. ಉತ್ತರ ತಾಯಿಯಿಂದ ಬಂತು. “ಹೆರಿಗಿ ಆತ್ರಿ ಸರ್. ಚೊಚ್ಚಲ ಹೆರಿಗಿ, ತವರಮನ್ಯಾಗೇ ಆಗಬೇಕಲ್ರಿ. ಕೂಸು ಭಾಳ ಸಣ್ಣದಿತ್ತು. ಹೊಸ್ತಿಲ ದಾಟಾಕ ಆಗಲಿಲ್ರಿ.”

ಇನ್ನು ಮುಂದೆಯಾದರೂ ಓದುವುದುಂಟೋ ಎಂದರು ದೇವಿಂದ್ರಪ್ಪ. ಅದಕ್ಕೂ ತಾಯಿಯೇ. ದಿನಾ ನಸುಕಿನಲ್ಲಿ, ಕೂಸು ಏಳುವ ಮೊದಲು ಓದು ನಡೆದಿದೆಯಂತೆ. ತಪ್ಪಿದ ಪಾಠಗಳನ್ನೆಲ್ಲ ಗೆಳತಿಯರಿಂದ ಬರೆದುಕೊಂಡದ್ದಾಗಿದೆಯಂತೆ.

ಹೆಡ್‌ಮಾಸ್ತರಿಗೆ ರೇಗಿತು. ಓದುವವಳಿಗೆ ನಾಲಿಗೆಯಿಲ್ಲವೇ? ಪರೀಕ್ಷಿಸಿಯೇ ಬಿಡೋಣವೆಂದು, ಚಾಲುಕ್ಯರ ರಾಜಧಾನಿಯನ್ನು ಕಲ್ಯಾಣಕ್ಕೆ ತಂದವರು ಯಾರೆಂದು ಹುಡುಗಿಗೆ ಪ್ರಶ್ನೆ ಹಾಕಿದರು. ಹುಡುಗಿ ಪೆಚ್ಚಾಗಿ ತಾಯಿಯ ಮುಖ ನೋಡಿದಳು. ತಾಯಿ ಬಾಯಿ ತೆರೆದಳು. ದೇವಿಂದ್ರಪ್ಪ ಕೈ ಎತ್ತಿ ತಡೆದರು.

“ನೀವು ಸುಮ್ನಿರ್ರಿ ಅಕ್ಕ. ನಾಳೆ ಪರೀಕ್ಷಾಕ್ಕೂ ನೀವೇ ಹೋಗಿ ಕೂಡಾವ್ರೇನು?”

ತಾಯಿ ಏನೂ ತಿಳಿಯದೆ ಅವರನ್ನೇ ನೋಡಿದಳು. ಮಗಳ ಕಡೆ ನೋಡಿದಳು. ಆಮೇಲೆ ಅವಳ ಮುಖದ ಬಣ್ಣವೇ ಇಳಿದುಹೋಯಿತು.

ಸಹಾಯಧನ ನಿಲ್ಲಿಸುವುದು ಅನಿವಾರ್ಯ ಎಂದು ದೇವಿಂದ್ರಪ್ಪ ಹೇಳಿದರು. ತಾಯಿ ಕೈ ಮುಗಿದಳು. ಇದು ನಿಂತರೆ ಓದೂ ನಿಂತ ಹಾಗೆಯೇ, ಹೆಣ್ಣಿನ ಓದಿಗೆ ಮನೆಯಲ್ಲಿ ಯಾರೂ ಬಿಡಿಗಾಸು ಬಿಚ್ಚುವುದಿಲ್ಲ, ಬಸ್ಸಿಗೂ ಕೊಡುವುದಿಲ್ಲ, ಎಂದೋ ಕೈಬಿಟ್ಟುಹೋಗಬೇಕಿದ್ದ ಓದು ಇದು ಎಂದಳು. ಹೇಳುತ್ತಾ ಅತ್ತುಬಿಟ್ಟಳು. ಅಷ್ಟರಲ್ಲಿ ಕೂಸೂ ಅಳತೊಡಗಿತು.

ಎಷ್ಟು ವರ್ಷ ಬೆತ್ತ ಹಿಡಿದಿದ್ದರೂ ದೇವಿಂದ್ರಪ್ಪನವರ ಕರುಳು ಒಣಗಿರಲಿಲ್ಲ. ಮಗಳ ಓದಿಗಾಗಿ ಇಷ್ಟು ಗೋಗರೆಯುವ ತಾಯಿಯನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಎದ್ದು ಹೋಗಿ ಟ್ರಸ್ಟಿನ ನಿಯಮಾವಳಿ ತಂದು ಹಾಳೆ ತಿರುವಿದರು. ಯಶೋದಾಬಾಯಿ ಹೆಣ್ಣಿನ ಕಷ್ಟ ಬಲ್ಲವರು, ಒಂದು ಬಾಗಿಲು ತೆರೆದಿಟ್ಟೇ ಹೋಗಿದ್ದರು.

“ಒಂದ್ ರಿಯಾಯಿತಿ ಅದ. ವಿದ್ಯಾರ್ಥಿನಿಗೆ ಹೆರಿಗಿ ಆಗಿದ್ರ ಗೈರುಹಾಜರಿ ಮಾಫ್. ಹಡೆದವ್ರಿಗೆ ಮಾತ್ರ. ಬ್ಯಾರೆ ಯಾವ ಕಾರಣಕ್ಕೂ ಇಲ್ಲ, ತಿಳೀತಿಲ್ಲೋ?”

ಮಗಳು ತಟ್ಟನೆ ತಾಯಿಯ ಮಣಿಕಟ್ಟು ಹಿಡಿದುಕೊಂಡಳು. “ಬ್ಯಾಡ ಯವ್ವಾ,” ಎಂದಳು ಮೆಲ್ಲಗೆ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. ಅಳಬೇಡ ಎನ್ನುತ್ತಿದ್ದಾಳೆ ಪಾಪ ಎಂದುಕೊಂಡು ದೇವಿಂದ್ರಪ್ಪ ಕಾಗದದಲ್ಲಿ ಎರಡು ಸಾಲು ಗೀಚಿದರು. ಸೀಲು ಒತ್ತಿದರು. ಎಷ್ಟೋ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವರಿಗೆ.

“ಇಲ್ಲಿ ಸಹಿ ಮಾಡವ್ವ,” ಎಂದು ಪೆನ್ನನ್ನು ಬಾಣಂತಿಯ ಕಡೆ ಚಾಚಿದರು. “ಡಿಗ್ರಿ ಮುಗಿಯೂತನಕ ಚಿಂತಿಲ್ಲ.”

ಹುಡುಗಿ ಕೂಸನ್ನು ಎಡಗೈಗೆ ಬದಲಾಯಿಸಿ ಪೆನ್ನು ಹಿಡಿದಳು. ತಾಯಿ ಒಂದು ಗಳಿಗೆ ಆ ಕಾಗದವನ್ನೇ ಆಸೆಯಿಂದ ನೋಡಿದಳು. ಆಮೇಲೆ ಮಗಳ ಬೆರಳುಗಳಿಂದ ಪೆನ್ನು ಬಿಡಿಸಿ ಮೇಜಿನ ಮೇಲಿಟ್ಟಳು.

“ಹಡೆದಾಕಿ ನನ್ನ ಮಗಳು ಐಶ್ವರ್ಯಾರಿ, ಸರ್. ಬಾಣಂತನ ಮಾಡಿದಾಕಿ ನಾನು. ಕಾಲೇಜಿಗೆ ಹೋಗೂ ಭಾಗಮ್ಮನೂ ನಾನೇರಿ.”